1.2 ಮಿ.ಲೀ. ಎಂದು ಬರೆದ ರಾತ್ರಿ

ಕೋಲಾರದಲ್ಲಿ ಮಕ್ಕಳ ವಾರ್ಡಿಗೆ ಡಾಕ್ಟರಾಗಿ ಸೇರಿದ ಹೊಸತು. ರಾತ್ರಿ ಎರಡು ಗಂಟೆಗೆ ಶ್ರೀನಿವಾಸಪುರದ ಕಡೆಯಿಂದ ಒಂದು ಮಗು ಬಂತು, ಎಂಟು ಕೆ.ಜಿ. ತೂಕ. ಅಮಿಕಾಸಿನ್ ಎಂಬ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಡಬೇಕಿತ್ತು. ಕೆ.ಜಿ.ಗೆ ಏಳೂವರೆಯಂತೆ ಒಂದು ಹೊತ್ತಿಗೆ 60 ಮಿಲಿಗ್ರಾಂ. ಲೆಕ್ಕ ತಪ್ಪಿರಲಿಲ್ಲ. ಆದರೆ ಸಿಸ್ಟರಿಗೆ ಸುಲಭವಾಗಲಿ ಎಂದು ಕೇಸ್ ಶೀಟಿನಲ್ಲಿ ‘1.2 ಮಿ.ಲೀ.’ ಎಂದು ಗೀಚಿದೆ. ನನ್ನ ತಲೆಯಲ್ಲಿದ್ದದ್ದು 100 ಮಿಲಿಗ್ರಾಮಿನ ವಯಲ್, ಅಂದರೆ ಔಷಧದ ಪುಟ್ಟ ಸೀಸೆ. ಅಂದು ವಾರ್ಡಿನಲ್ಲಿದ್ದದ್ದು 500ರದು. ಎರಡರಲ್ಲೂ ಇರುವುದು ಎರಡೇ ಮಿ.ಲೀ.

ಸಿಸ್ಟರ್ ಸಿರಿಂಜ್ ಹಿಡಿದುಕೊಂಡೇ ಬಂದರು. “ಮೇಡಂ, ಇದರಲ್ಲಿ 300 ಹೋಗುತ್ತದೆ. ಇಷ್ಟು ಸಣ್ಣ ಮಗುವಿಗೆ ಸರಿಯೇ?”

ಐದು ಪಟ್ಟು! ಮೂತ್ರಪಿಂಡಕ್ಕೂ ಕಿವಿಗೂ ಪೆಟ್ಟು ಕೊಡಬಲ್ಲ ಔಷಧ. ಇಬ್ಬರೂ ಕೂತು ಮತ್ತೆ ಲೆಕ್ಕ ಹಾಕಿದೆವು: ಆ ವಯಲಿನಿಂದ ಎಳೆಯಬೇಕಾದದ್ದು 0.24 ಮಿ.ಲೀ. ಸಿರಿಂಜಿನಲ್ಲಿ ಕಂಡೂ ಕಾಣದಷ್ಟು. ಬೆಳಗಿನ ರೌಂಡ್ಸಿನಲ್ಲಿ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ, ಹೇಳಿದ್ದು ಮರುದಿನ.

ದೊಡ್ಡವರ ವಾರ್ಡಿನಲ್ಲಿ ಒಂದೇ ಅಳತೆಯ ಮಾತ್ರೆ ಬಹುಪಾಲು ಜನರಿಗೆ ನಡೆಯುತ್ತದೆ. ಇಲ್ಲಿ ಪ್ರತಿ ಸಾಲೂ ಗಣಿತ. ಮಕ್ಕಳಲ್ಲಿ ಹಾನಿಯಾಗಬಹುದಾದ ಔಷಧದ ತಪ್ಪುಗಳು ದೊಡ್ಡವರಿಗಿಂತ ಮೂರು ಪಟ್ಟು ಹೆಚ್ಚೆಂದು 2001ರಲ್ಲಿ ಬಾಸ್ಟನ್ನಿನ ಅಧ್ಯಯನವೊಂದು ತೋರಿಸಿತ್ತು. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಆಮೇಲೆ ಕೈಯ ಅಭ್ಯಾಸ ಬದಲಾಯಿಸಿಕೊಂಡೆ. ಮಿಲಿಗ್ರಾಂ ಬರೆಯದೆ ಬರೀ ಮಿ.ಲೀ. ಬರೆಯುವುದಿಲ್ಲ. ಪಕ್ಕದಲ್ಲೇ ತೂಕ ಗುಣಿಸಿದ ಲೆಕ್ಕವನ್ನೂ ಬಿಡುತ್ತೇನೆ, ಇನ್ನೊಬ್ಬರು ಹಿಡಿಯಲಿ ಎಂದು. 5 ಎಂದರೆ 5 ಅಷ್ಟೇ, 5.0 ಎಂದು ಬರೆದರೆ ಚುಕ್ಕಿ ಮಸುಕಾಗಿ 50 ಆಗುತ್ತದೆ. ದಿನಕ್ಕೆಷ್ಟು, ಹೊತ್ತಿಗೆಷ್ಟು ಎಂಬುದನ್ನು ಬಿಡಿಸಿಯೇ ಬರೆಯುತ್ತೇನೆ.

ತೂಕದ್ದೇ ದೊಡ್ಡ ರಗಳೆ. “ಹತ್ತು ಕೆ.ಜಿ. ಇರಬಹುದು ಮೇಡಂ” ಎಂದು ತಾಯಿ ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳುವವರಿದ್ದಾರೆ. ಡಿಸೆಂಬರಿನ ಚಳಿಯಲ್ಲಿ ಸ್ವೆಟರ್, ಕುಲಾವಿ, ಶಾಲು ಎಲ್ಲವೂ ತಕ್ಕಡಿ ಏರುತ್ತವೆ. ಬಿಚ್ಚಿಸಿದರೆ ಅಜ್ಜಿಯರಿಗೆ ನನ್ನ ಮೇಲೆ ಸಿಟ್ಟು.

ಹೋದ ವಾರ ಇನ್ನೊಂದು ಮಗುವಿಗೆ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್ ಬರೆದು ಕಳುಹಿಸಿದೆ. ಅದೇ ಸಿಸ್ಟರ್ ಶೀಟು ವಾಪಸು ತಂದರು. “ತೂಕದ ಜಾಗ ಖಾಲಿ ಇದೆ ಮೇಡಂ.” ಮಗು ಈಗಷ್ಟೇ ಮಲಗಿದೆ, ಅಂದಾಜು ಹನ್ನೆರಡು ಇರಬಹುದು ಎಂದೆ. ಅವರು ಕದಲಲಿಲ್ಲ. ಎಬ್ಬಿಸಿದೆವು, ಇಡೀ ವಾರ್ಡು ಎದ್ದು ಕೂರುವಂತೆ ಅತ್ತಿತು. ಒಂಬತ್ತೂವರೆ ಇತ್ತು.