ಬಾತುಕೋಳಿ ಪಾಟಿ ಮತ್ತು ಐದು ದಿನದ ಮುಷ್ಕರ

ನಮ್ಮ ಮಗಳು ಸುಸ್ಸು ಮಾಡುವ ಮೊದಲ ಪಾಠ ಕಲಿತದ್ದು ನನ್ನ ಅತ್ತೆಯ ಪಾದಗಳ ಮೇಲೆ. ತೀರ್ಥಹಳ್ಳಿಯಲ್ಲಿ ಬಾಣಂತನ ನಡೆಯುತ್ತಿತ್ತು. ಮಗುವಿಗೆ ಕತ್ತು ನಿಂತದ್ದೇ ತಡ, ಅತ್ತೆ ಬಚ್ಚಲಿನಲ್ಲಿ ಮಣೆ ಹಾಕಿ ಕುಳಿತು, ಕಾಲು ನೀಡಿ, ಪಾದಗಳ ಮೇಲೆ ಅದನ್ನು ಕೂರಿಸಿಕೊಂಡು 'ಸ್ಸ್ಸ್...' ಎನ್ನುತ್ತಿದ್ದರು. ನಿದ್ದೆಯಿಂದ ಎದ್ದ ಕೂಡಲೇ ಒಮ್ಮೆ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಏಳೆಂಟು ತಿಂಗಳಾಗುವಷ್ಟರಲ್ಲಿ ಆ ಸದ್ದು ಕೇಳಿದರೆ ಸಾಕು, ಕೆಲಸ ಮುಗಿಯುತ್ತಿತ್ತು. ಮಗು ಕಲಿತಿತೋ, ಅತ್ತೆಯೇ ಮಗುವಿನ ಹೊತ್ತುಗೊತ್ತು ಕಲಿತರೋ? ಎರಡನೆಯದೇ ಹೆಚ್ಚು ನಿಜ ಎಂದು ಈಗ ಅನ್ನಿಸುತ್ತದೆ.

ಹೆಂಡತಿಯ ರಜೆ ಮುಗಿದು ಬೆಂಗಳೂರಿಗೆ ಬಂದೆವು. ಮಗುವನ್ನು ಹಗಲು ನೋಡಿಕೊಳ್ಳುವ ಕೇಂದ್ರದವರು ದಿನಕ್ಕೆ ನಾಲ್ಕು ಡೈಪರ್ ಕಳಿಸಿ ಎಂದರು. ಒಂದೇ ತಿಂಗಳಲ್ಲಿ ಅತ್ತೆಯ ಮಂತ್ರದ ಶಕ್ತಿ ಇಳಿಯಿತು. ನಾನು 'ಸ್ಸ್ಸ್' ಎಂದರೆ ಮಗಳು ಅಡುಗೆಮನೆಯ ಕುಕ್ಕರ್ ಕಡೆಗೆ ತಿರುಗಿ ನೋಡುತ್ತಿದ್ದಳು.

ಡೈಪರ್ ಬಿಡಿಸುವ ಮೊದಲ ಪ್ರಯತ್ನ ಮಾಡಿದ್ದು ಅವಳಿಗೆ ಒಂದು ವರ್ಷ ಹತ್ತು ತಿಂಗಳಾಗಿದ್ದಾಗ, ಆಷಾಢದಲ್ಲಿ, ಮತ್ತೆ ತೀರ್ಥಹಳ್ಳಿಯಲ್ಲೇ. ಹೊರಗೆ ಜಡಿಮಳೆ. ಹದಿನಾಲ್ಕು ಚಡ್ಡಿಗಳೂ ಒದ್ದೆ. ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕಿ ಒಣಗಿಸಿದರೆ ಮಗು ಹಪ್ಪಳದ ಹಾಗೆ ಹೊಗೆ ಹೊಗೆ ನಾರುತ್ತಿತ್ತು. ಮೂರನೆಯ ದಿನ ಕೈಬಿಟ್ಟೆವು. ಮಳೆಯನ್ನು ಬೈದುಕೊಂಡೆ, ಆದರೆ ತಪ್ಪು ಮಳೆಯದಲ್ಲ. ಆಗ ಅವಳ ಬಟ್ಟೆ ಒಂದು ಗಂಟೆಯೂ ಒಣಗಿರುತ್ತಿರಲಿಲ್ಲ. ಚಡ್ಡಿ ಕೆಳಗೆಳೆಯಲೂ ಬರುತ್ತಿರಲಿಲ್ಲ. ಒಂದೂವರೆ ಎರಡು ಗಂಟೆ ಒಣಗಿರುವುದು, 'ಆಯಿತು' ಎಂದು ಬಂದು ಹೇಳುವುದು, ಡೈಪರ್ ಒದ್ದೆಯಾದರೆ ತಾನೇ ಕಿತ್ತೆಸೆಯಲು ನೋಡುವುದು, ಇವೆಲ್ಲ ಕಾಣಿಸಿಕೊಂಡದ್ದು ಮುಂದಿನ ಬೇಸಿಗೆಯ ಹೊತ್ತಿಗೆ.

ಹೆಂಡತಿ ಬ್ಯಾಂಕಿನವಳು, ಮಾರ್ಚಿನಲ್ಲಿ ಅವಳಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಹಾಗಾಗಿ ರಜೆ ಹಾಕಿದವನು ನಾನು. ಶನಿವಾರ, ಭಾನುವಾರಗಳನ್ನು ಸೇರಿಸಿ ಒಂಬತ್ತು ದಿನ. ಜಮಖಾನೆ ಸುತ್ತಿಟ್ಟೆ. ಸಡಿಲ ಎಲಾಸ್ಟಿಕ್ಕಿನ ಇಪ್ಪತ್ತು ಹತ್ತಿ ಚಡ್ಡಿ ತಂದೆ. ಜೊತೆಗೆ, ಒದ್ದೆಯಾದರೆ ಹಾಡು ಹಾಡುವ ಹಳದಿ ಬಾತುಕೋಳಿ ಪಾಟಿಯೊಂದನ್ನು, ಅಂದರೆ ಮಕ್ಕಳು ಸುಸ್ಸು-ಕಕ್ಕಕ್ಕೆ ಕೂರುವ ಪುಟ್ಟ ಪೀಠವನ್ನು, ದುಬಾರಿ ಬೆಲೆ ಕೊಟ್ಟು ತಂದೆ. ಲೋಟದಲ್ಲಿ ನೀರು ಸುರಿದರೂ ಅದು ಹಾಡುತ್ತದೆ ಎಂಬುದನ್ನು ಮಗಳು ಹತ್ತು ನಿಮಿಷದಲ್ಲಿ ಕಂಡುಹಿಡಿದಳು. ಮರುದಿನ ಬ್ಯಾಟರಿ ಕಿತ್ತೆ. ಅದರ ಮರುದಿನ ಬಾತುಕೋಳಿಯನ್ನೇ ಅಟ್ಟಕ್ಕೆ ಹಾಕಿ, ಗಲ್ಲಿಯ ಪ್ಲಾಸ್ಟಿಕ್ ಅಂಗಡಿಯಿಂದ ಒಂದು ಸಾದಾ ಪಾಟಿ ತಂದೆ. ಅದರಲ್ಲಿ ಕುಳಿತರೆ ಪಾದ ನೆಲಕ್ಕೆ ಊರುತ್ತಿತ್ತು, ಮಂಡಿ ಸೊಂಟಕ್ಕಿಂತ ತುಸು ಮೇಲಿರುತ್ತಿತ್ತು. ಬೇಕಾದದ್ದು ಅಷ್ಟೇ.

ಮೊದಲ ದಿನ ಹನ್ನೊಂದು ಸಲ ನೆಲ ಒರೆಸಿದೆ. ಅಂದು ನಾನು ಮಾಡಿದ ದೊಡ್ಡ ತಪ್ಪು, 'ಸುಸ್ಸು ಬಂತಾ?' ಎಂದು ಹತ್ತು ಹತ್ತು ನಿಮಿಷಕ್ಕೆ ಕೇಳಿದ್ದು. ಎರಡು ವರ್ಷದ ಮಗುವಿಗೆ ಯಾವ ಪ್ರಶ್ನೆ ಹಾಕಿದರೂ ಉತ್ತರ 'ಇಲ್ಲ' ಎಂದೇ ಇರುತ್ತದೆ. 'ಇಲ್ಲ' ಎನ್ನುತ್ತಲೇ ನಿಂತಲ್ಲೇ ಮಾಡುತ್ತಿದ್ದಳು. ಎರಡನೆಯ ದಿನದಿಂದ ಕೇಳುವುದನ್ನು ನಿಲ್ಲಿಸಿದೆ. ಎದ್ದ ಮೇಲೆ, ಊಟವಾದ ಮೇಲೆ, ಸ್ನಾನಕ್ಕೆ ಮೊದಲು, ಹೊರಗೆ ಹೊರಡುವ ಮೊದಲು 'ನಡಿ, ಹೋಗಿ ಬರೋಣ' ಎಂದಷ್ಟೇ ಹೇಳಿ ಕೈ ಹಿಡಿಯುತ್ತಿದ್ದೆ. ಅತ್ತೆ ಮಾಡುತ್ತಿದ್ದದ್ದೂ ಇದನ್ನೇ ಅಲ್ಲವೇ ಎಂದು ಹೊಳೆದದ್ದು ಆಗ. ಐದನೆಯ ದಿನಕ್ಕೆ ಎರಡೇ ಸಲ ನೆಲ ಒರೆಸುವಲ್ಲಿಗೆ ಬಂತು. ಗೆದ್ದೆ ಎಂದುಕೊಂಡೆ.

ಕಕ್ಕದ ವಿಷಯವೇ ಬೇರೆ. ಅದಕ್ಕೆ ಮಾತ್ರ ಅವಳಿಗೆ ಡೈಪರ್ ಬೇಕು; ಕಟ್ಟಿಸಿಕೊಂಡು, ಪರದೆಯ ಹಿಂದೆ ಹೋಗಿ, ಕಿಟಕಿಯ ಸರಳು ಹಿಡಿದು ನಿಂತು ಮುಗಿಸುತ್ತಿದ್ದಳು. ಗೆಲುವಿನ ಅಮಲಿನಲ್ಲಿದ್ದ ನಾನು, 'ಡೈಪರ್ ಮುಗಿದುಹೋಗಿದೆ' ಎಂದು ಸುಳ್ಳು ಹೇಳಿದೆ. ಮಗಳು ಮುಷ್ಕರ ಹೂಡಿದಳು. ಒಂದು ದಿನ, ಎರಡು ದಿನ, ನಾಲ್ಕು ದಿನ. ಕಾಲು ಹೆಣೆದುಕೊಂಡು, ತುದಿಗಾಲಲ್ಲಿ ನಿಂತು, ಮುಖ ಕೆಂಪಗೆ ಮಾಡಿಕೊಂಡು ತಡೆಯುತ್ತಿದ್ದಳು. ತಿಣುಕುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ. ಐದನೆಯ ದಿನ ಚಡ್ಡಿಯಲ್ಲಿ ನೀರಿನಂಥ ಕಲೆ ಕಂಡಾಗ ಭೇದಿ ಎಂದುಕೊಂಡು ಮಜ್ಜಿಗೆ ಅನ್ನ ತಿನ್ನಿಸಿದೆ.

ಮಕ್ಕಳ ವೈದ್ಯರು ಹೊಟ್ಟೆ ಒತ್ತಿ ನೋಡಿ, ಇದು ಭೇದಿಯಲ್ಲ, ಮಲಬದ್ಧತೆ ಎಂದರು. ತಡೆದಷ್ಟೂ ಕರುಳು ನೀರು ಹೀರಿಕೊಂಡು ಮಲ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದರ ಪಕ್ಕದಿಂದ ತೆಳ್ಳಗಿನದು ಜಾರಿ ಬರುತ್ತದೆ. ಕೊನೆಗೆ ಗಟ್ಟಿಯದು ಹೊರಬರುವಾಗ ನೋವಾಗಿ, ಆ ನೋವಿನ ಭಯಕ್ಕೆ ಮಗು ಇನ್ನಷ್ಟು ತಡೆಯುತ್ತದೆ. 'ಮೊದಲು ಡೈಪರ್ ವಾಪಸ್ ಕೊಡಿ' ಎಂದು ನನ್ನನ್ನೇ ಗದರಿದರು. ಮಲ ಮೆದುವಾಗಿಸುವ ಸಿರಪ್ ಬರೆದುಕೊಟ್ಟರು. ಅದು ಎರಡು ತಿಂಗಳು ನಡೆಯಿತು. ದಿನಕ್ಕೆ ಮುಕ್ಕಾಲು ಲೀಟರ್ ಕುಡಿಯುತ್ತಿದ್ದ ಹಾಲನ್ನು 400 ಮಿಲಿಲೀಟರಿಗೆ ಇಳಿಸಲು ಹೇಳಿದರು, ಹಾಲಿನಲ್ಲೇ ಹೊಟ್ಟೆ ತುಂಬಿದರೆ ನಾರಿರುವ ಆಹಾರಕ್ಕೆ ಜಾಗವೆಲ್ಲಿ ಎಂದು. ಪರಂಗಿ ಹಣ್ಣು, ನೆನೆಸಿದ ಒಣದ್ರಾಕ್ಷಿ, ಸೊಪ್ಪಿನ ಸಾರು ಆ ಜಾಗಕ್ಕೆ ಬಂದವು.

ಆಮೇಲೆ ಅವಸರ ಮಾಡಲಿಲ್ಲ. ಡೈಪರ್ ಕಟ್ಟುತ್ತಿದ್ದೆ, ಆದರೆ ಪರದೆಯ ಹಿಂದಲ್ಲ, ಬಚ್ಚಲುಮನೆಯಲ್ಲಿ. ಒಂದು ವಾರದ ನಂತರ ಡೈಪರ್ ಸಮೇತ ಪಾಟಿಯ ಮೇಲೆ ಕೂರಿಸಿದೆ. ಅದಕ್ಕೊಪ್ಪಲು ಹತ್ತು ದಿನ ಹಿಡಿಯಿತು. ಬಳಿಕ ಡೈಪರಿನಲ್ಲಿ ಕತ್ತರಿಯಿಂದ ತೂತು ಮಾಡಿದೆ. ನೋಡಿದವರು ನಕ್ಕರು, ನಗಲಿ. ತೂತು ದಿನೇ ದಿನೇ ದೊಡ್ಡದಾಗುತ್ತಾ ಹೋಗಿ, ಕೊನೆಗೆ ಸೊಂಟದ ಪಟ್ಟಿಯಷ್ಟೇ ಉಳಿಯಿತು. ಹೊಟ್ಟೆಗೆ ಆಹಾರ ಬಿದ್ದಾಗ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದಂತೆ; ಆದ್ದರಿಂದ ಕೂರಿಸುವ ಹೊತ್ತನ್ನು ಬೆಳಗಿನ ದೋಸೆಯ ನಂತರಕ್ಕೆ ಇಟ್ಟುಕೊಂಡೆ. ಐದು ನಿಮಿಷ, ಒಂದು ಕಥೆ. ಬಂದರೂ ಸರಿ, ಬರದಿದ್ದರೂ ಸರಿ, ಎದ್ದು ಬರುವುದು. ಜೂನ್ ಮೊದಲ ವಾರದಲ್ಲಿ ಒಂದು ದಿನ ಆ ಪಟ್ಟಿಯನ್ನೂ ಅವಳೇ ತೆಗೆದು ಕಸದ ಬುಟ್ಟಿಗೆ ಹಾಕಿದಳು. ನಾನು ಚಪ್ಪಾಳೆ ತಟ್ಟಲಿಲ್ಲ. ತಟ್ಟಿದರೆ ಎಲ್ಲಿ ಮನಸ್ಸು ಬದಲಾಯಿಸುವಳೋ ಎಂಬ ಹೆದರಿಕೆ.

ರಾತ್ರಿಯ ವಿಷಯಕ್ಕೆ ನಾವು ಕೈ ಹಾಕಿಲ್ಲ. ಅದು ಕಲಿಸಿ ಬರುವ ವಿದ್ಯೆಯಲ್ಲ, ಮೈ ಮಾಗಿದಾಗ ಬರುವಂಥದ್ದು. ಐದು ವರ್ಷದವರೆಗೆ ತಲೆ ಕೆಡಿಸಿಕೊಳ್ಳಬೇಡಿ ಎಂದಿದ್ದಾರೆ ವೈದ್ಯರು. ಈಗ ಅವಳಿಗೆ ಮೂರೂವರೆ. ವಾರದಲ್ಲಿ ನಾಲ್ಕು ದಿನ ಹಾಸಿಗೆ ಒಣಗಿರುತ್ತದೆ, ಮೂರು ದಿನ ರಬ್ಬರ್ ಶೀಟ್ ಕಾಪಾಡುತ್ತದೆ.

ಕಳೆದ ತಿಂಗಳು ಅತ್ತೆ ಬಂದಿದ್ದಾಗ ಅಟ್ಟದಿಂದ ಬಾತುಕೋಳಿಯನ್ನು ಇಳಿಸಿದರು. ಇಷ್ಟು ದುಡ್ಡು ಕೊಟ್ಟ ವಸ್ತುವನ್ನು ಎಸೆಯುವುದುಂಟೇ ಎಂದು ತಳಕ್ಕೆ ತೂತು ಕೊರೆದು, ಮಣ್ಣು ತುಂಬಿ, ಬಾಲ್ಕನಿಯಲ್ಲಿ ದೊಡ್ಡಪತ್ರೆ ಊರಿದರು. ಗಿಡ ಸೊಂಪಾಗಿ ಹಬ್ಬಿದೆ. ಆ ಎಲೆಯ ತಂಬುಳಿಗೆ ಮಾತ್ರ ನನ್ನ ಹೆಂಡತಿ ಇನ್ನೂ ಒಪ್ಪಿಲ್ಲ.