ಕ್ರೋಮ್ ಕೆಳಗೆ ನಿಕಲ್: ರಾಡಿನ ಜಂಗು ನಿಲ್ಲಿಸಿದ ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗದಲ್ಲಿ, ಎಣ್ಣೆಯ ಒತ್ತಡಕ್ಕೆ ಸಿಲಿಂಡರಿನಲ್ಲಿ ಹಿಂದೆಮುಂದೆ ಚಲಿಸುವ ಉಕ್ಕಿನ ಹೈಡ್ರಾಲಿಕ್ ರಾಡ್‌ಗಳಿಗೆ ಹಾರ್ಡ್ ಕ್ರೋಮ್ (ದ್ರಾವಣದಲ್ಲಿ ಕರೆಂಟ್ ಹರಿಸಿ ಕೂರಿಸುವ ಗಟ್ಟಿ ಕ್ರೋಮಿಯಂ ಲೇಪ) ಹಾಕುವ ಜಾಬ್ ವರ್ಕ್ ನನ್ನದು. ಗೋವಾ ಕಡೆಯ ಬೋಟುಗಳಿಗೆ ಹೋಗಿದ್ದ ಸುಮಾರು 40 ರಾಡ್‌ಗಳು ಮೊದಲ ಮಳೆಗಾಲದಲ್ಲೇ ಚುಕ್ಕೆ ಚುಕ್ಕೆಯಾಗಿ ಜಂಗು ಹಿಡಿದು ಮರಳಿ ಬಂದವು. ಹಳೆಯ ಕ್ರೋಮ್ ಇಳಿಸಿ, ಗ್ರೈಂಡಿಂಗ್ ಮಾಡಿಸಿ, ಮತ್ತೆ ಹಾಕಿಕೊಡುವಷ್ಟರಲ್ಲಿ ಲಕ್ಷದ ಮೇಲೆ ರೊಕ್ಕ ಕೈಬಿಟ್ಟಿತ್ತು.

ಎಲ್ಲರಂತೆ ನಾನೂ ಮೊದಲು ದಪ್ಪ ಹೆಚ್ಚಿಸಿದೆ. 25 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್) ಇದ್ದದ್ದನ್ನು 45ಕ್ಕೆ ಏರಿಸಿದಾಗ ಕರೆಂಟ್ ಬಿಲ್ಲು ಅದರ ಬೆನ್ನಿಗೇ ಏರಿತೇ ಹೊರತು, ಸಾಲ್ಟ್ ಸ್ಪ್ರೇಯಲ್ಲಿ (ಉಪ್ಪುನೀರಿನ ಮಂಜಿನಲ್ಲಿಟ್ಟು ಜಂಗು ನೋಡುವ ಪರೀಕ್ಷೆ) 70 ಗಂಟೆಗೆ ಕಾಣುತ್ತಿದ್ದ ಕೆಂಪು ಚುಕ್ಕೆ ಹೆಚ್ಚೆಂದರೆ 100 ಗಂಟೆಗೆ ಕಂಡಿತು. ಕ್ರೋಮಿನ ಕೂದಲೆಳೆ ಬಿರುಕುಗಳಲ್ಲಿ ಇಳಿದ ಉಪ್ಪುನೀರು ಕೆಳಗಿನ ಉಕ್ಕನ್ನು ತಿನ್ನುತ್ತಿರುವಾಗ ಮೇಲೆ ಎಷ್ಟು ಸುರಿದರೇನು?

ಆದ್ದರಿಂದ ಆ ನೀರು ಉಕ್ಕಿಗೆ ಮುಟ್ಟದಂತೆ ಕ್ರೋಮಿನ ಕೆಳಗೆ 12ರಿಂದ 15 ಮೈಕ್ರಾನ್ ಸಲ್ಫಮೇಟ್ ನಿಕಲ್ (ಸಲ್ಫಮೇಟ್ ದ್ರಾವಣದಿಂದ ಕೂರಿಸುವ ನಿಕಲ್) ಹಾಕುವುದೆಂದು ನಿಶ್ಚಯಿಸಿದೆ. ಪಕ್ಕದ ಶೆಡ್ಡಿನ ಹಿರಿಯ ಪ್ಲೇಟರ್ ಒಬ್ಬರು, "ತಮ್ಮಾ, ನಿಕಲ್ ಮ್ಯಾಲೆ ಹಾರ್ಡ್ ಕ್ರೋಮ್ ನಿಲ್ಲಂಗಿಲ್ಲ, ಸಿಪ್ಪಿ ಏಳ್ತೈತಿ" ಎಂದರು. ಮೊದಲ ಎರಡು ಲಾಟುಗಳಲ್ಲಿ ಅವರ ಮಾತೇ ನಿಜವಾಯಿತು. ತಪ್ಪು ನನ್ನದೇ: ಉಕ್ಕಿಗೆ ಮಾಡುವ ರೂಢಿಯಲ್ಲಿ ನಿಕಲ್ ಹಾಕಿದ ರಾಡಿಗೂ ಕ್ರೋಮ್ ಟ್ಯಾಂಕಿನಲ್ಲಿ ರಿವರ್ಸ್ ಕೊಡುತ್ತಿದ್ದೆ (ಮೇಲ್ಮೈ ಸಿದ್ಧಪಡಿಸಲು ಕರೆಂಟನ್ನು ಸ್ವಲ್ಪ ಹೊತ್ತು ಉಲ್ಟಾ ಹರಿಸುವುದು), ಅದರಿಂದ ನಿಕಲ್ ಮೇಲ್ಮೈ ಜಡವಾಗಿ ಕ್ರೋಮ್ ಉಗುರಿನಲ್ಲೇ ಏಳುತ್ತಿತ್ತು. ರಿವರ್ಸ್ ನಿಲ್ಲಿಸಿ, ನಡುವೆ ಆಮ್ಲದಲ್ಲಿ ಒಂದು ಚಿಕ್ಕ ಅದ್ದು ಸೇರಿಸಿ, ತೇವ ಆರುವ ಮೊದಲೇ ಕ್ರೋಮಿಗೆ ಇಳಿಸಿ, ಕರೆಂಟನ್ನು ಮೆಲ್ಲಗೆ ಏರಿಸತೊಡಗಿದ ಮೇಲೆ ಒಂದು ರಾಡೂ ಸಿಪ್ಪೆ ಏಳಲಿಲ್ಲ. ಆ ಅದ್ದಿನ ಅಳತೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮೂರು ತಿಂಗಳ ನಿದ್ದೆ ಅದರಲ್ಲಿ ಹೋಗಿದೆ.

ಈ ನಡುವೆ, ಇಂಡಕ್ಷನ್ ಹಾರ್ಡನಿಂಗ್ ಆದ (ವಿದ್ಯುತ್ ಸುರುಳಿಯಲ್ಲಿ ಕಾಯಿಸಿ ಮೇಲ್ಮೈ ಗಟ್ಟಿ ಮಾಡಿದ) ರಾಡ್‌ಗಳಿಗೆ ಹೈಡ್ರೋಜನ್ ಭಯದಿಂದ (ಲೇಪ ಹಾಕುವಾಗ ಉಕ್ಕಿಗೆ ಸೇರುವ ಹೈಡ್ರೋಜನ್ ಅದನ್ನು ಪೆಡಸಾಗಿಸುತ್ತದೆ) ಸುಮಾರು 190 ಡಿಗ್ರಿಯಲ್ಲಿ ಬೇಕಿಂಗ್ ಕೊಡುವಾಗ, ಅಂದರೆ ಒಲೆಯಲ್ಲಿ ಕಾಯಿಸುವಾಗ, ಬರಿಯ ಕ್ರೋಮಿನ ಬಿರುಕುಗಳು ಇನ್ನಷ್ಟು ಬಾಯಿಬಿಡುವುದನ್ನು ಲೆನ್ಸಿನಲ್ಲಿ ಕಂಡೆ. ಬೇಕಿಂಗ್ ಬಿಡುವಂತಿಲ್ಲ, ಆದರೆ ಕೆಳಗೆ ನಿಕಲ್ ಇದ್ದರೆ ಆ ಚಿಂತೆ ಅರ್ಧವಾಗುತ್ತದೆ. ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಯ ಗಿರಾಕಿಯೊಬ್ಬರಿಗಾಗಿ ಎರಡು ತುಂಡುಗಳನ್ನು ಹುಳಿಬಂದ ಕಬ್ಬಿನ ಹಾಲಿನಲ್ಲಿ ಹದಿನೈದು ದಿನ ಮುಳುಗಿಸಿಯೂ ನೋಡಿದೆ. ಬರಿಯ ಕ್ರೋಮಿನ ತುಂಡು ಕಂದು ಚುಕ್ಕೆ ಬಿಟ್ಟಿತು. ನಿಕಲ್ ಇದ್ದದ್ದು ಹಾಗೇ ಇತ್ತು. ಶೆಡ್ಡಿನ ನೊಣಗಳ ಕಾಟ ಮಾತ್ರ ಒಂದು ವಾರ ಹೋಗಲಿಲ್ಲ.

ನಿಕಲ್ ಹಾಕಿದ ರಾಡಿನ ಕೊನೆಯ ಸಾಲ್ಟ್ ಸ್ಪ್ರೇ ಪರೀಕ್ಷೆಯಲ್ಲಿ 300 ಗಂಟೆ ದಾಟಿದರೂ ಚುಕ್ಕೆ ಬರಲಿಲ್ಲ. ಲ್ಯಾಬಿನ ಬಾಡಿಗೆ ಏರುತ್ತಿದ್ದುದರಿಂದ ನಾನೇ ತೆಗೆಸಿದೆ. ನಿಕಲ್ ಟ್ಯಾಂಕು, ಫಿಲ್ಟರು, ಆನೋಡುಗಳಿಗೆ ನಾಲ್ಕು ಲಕ್ಷದ ಹತ್ತಿರ ಖರ್ಚಾಗಿದ್ದು, ರಾಡಿನ ದರವನ್ನು ಮೂರನೇ ಒಂದು ಪಾಲು ಹೆಚ್ಚಿಸಿದರೂ ಬೋಟಿನ ಗಿರಾಕಿಗಳು ತಕರಾರು ಮಾಡಿಲ್ಲ. ಎರಡು ಮೀಟರ್ ದಾಟಿದ ರಾಡ್‌ಗಳಲ್ಲಿ ತುದಿಗೆ ನಿಕಲ್ ದಪ್ಪವಾಗಿ, ನಡುವೆ ತೆಳುವಾಗಿ ಕೂರುತ್ತಿದೆ; ಸದ್ಯ ಅಂಥ ಆರ್ಡರ್ ಹಿಡಿಯುತ್ತಿಲ್ಲ.