ವ್ಯಾನಿನಲ್ಲಿ ಮಲಗುವ ಜೋಡಿಗೆ ಗೋಣಿಚೀಲದ ಕೂಲರ್

ಏಪ್ರಿಲ್-ಮೇನಲ್ಲಿ ರಾಯಚೂರು, ಬಳ್ಳಾರಿ ಕಡೆ ವ್ಯಾನಿನಲ್ಲೇ ರಾತ್ರಿ ಕಳೆಯುವವರು ಗಾಳಿ ಬರುವ ಬದಿಯ ಕಿಟಕಿಗೆ ಹೊರಗಿನಿಂದ ಒದ್ದೆ ಗೋಣಿಚೀಲ ಇಳಿಬಿಡಿ, ಎದುರಿನ ಕಿಟಕಿಯಲ್ಲಿ 12 ವೋಲ್ಟಿನ ಸಣ್ಣ ಫ್ಯಾನನ್ನು ಹೊರಮುಖವಾಗಿ ಕೂರಿಸಿ. ಬೇರೆ ಕಿಟಕಿಗಳನ್ನೆಲ್ಲ ಮುಚ್ಚಿ. ಫ್ಯಾನು ಒಳಗಿನ ಬಿಸಿಗಾಳಿಯನ್ನು ಹೊರಗೆ ತಳ್ಳಿದಾಗ ಹೊಸ ಗಾಳಿ ಗೋಣಿಯ ಮೂಲಕವೇ ಬರಬೇಕಾಗುತ್ತದೆ. ನೀರು ಆವಿಯಾಗುತ್ತ ಆ ಗಾಳಿಯ ಶಾಖ ಹೀರುತ್ತದೆ. ಫ್ಯಾನನ್ನು ಒಳಮುಖ ಇಟ್ಟರೆ ಗೋಣಿಗೆ ಕೆಲಸವೇ ಇಲ್ಲ, ತಪ್ಪುವುದು ಹೆಚ್ಚಾಗಿ ಇಲ್ಲೇ. ಚೀಲ ಸೆಣಬಿನದೇ ಆಗಬೇಕು, ಈಗಿನ ಪ್ಲಾಸ್ಟಿಕ್ ಅಕ್ಕಿ ಚೀಲ ನೀರು ಹಿಡಿಯುವುದಿಲ್ಲ. ಮೊದಲು ಎರಡು ಸಲ ಒಗೆಯಿರಿ, ಇಲ್ಲದಿದ್ದರೆ ರಾತ್ರಿಯೆಲ್ಲ ಹಳೇ ಗೋದಾಮಿನ ವಾಸನೆ. ಪದೇ ಪದೇ ಎದ್ದು ನೀರು ಚಿಮುಕಿಸುವ ಬದಲು 2 ಲೀಟರಿನ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ, ತಳದಲ್ಲೂ ಗಾಳಿಗೊಂದು ತೂತು ಕೊಟ್ಟು, ಚೀಲದ ಮೇಲಂಚಿಗೆ ತಲೆಕೆಳಗಾಗಿ ಕಟ್ಟಿ; ಹನಿ ಹನಿಯಾಗಿ ಇಳಿಯುತ್ತದೆ. ಗಂಗಾವತಿ, ಸಿಂಧನೂರಿನ ಕಾಲುವೆ ಬಯಲಿನಲ್ಲಿ ನೀರು ನಿಂತ ಭತ್ತದ ಗದ್ದೆ ಪಕ್ಕ, ಅಥವಾ ಮಳೆ ಬಿದ್ದ ಮೇಲೆ ಇದು ಅಷ್ಟಾಗಿ ನಡೆಯುವುದಿಲ್ಲ: ಗಾಳಿಯಲ್ಲಿ ಮೊದಲೇ ತೇವ ಇರುತ್ತದೆ, ಬರೀ ಫ್ಯಾನೇ ವಾಸಿ. ಆನೆಗೊಂದಿ ಸುತ್ತ ಬಂಡೆಗೆ ಒತ್ತಿ ನಿಲ್ಲಿಸಿದರೂ ಅಷ್ಟೇ. ಹಗಲು ಕಾದ ಕಲ್ಲು ತಡರಾತ್ರಿವರೆಗೂ ಶಾಖ ಬಿಡುತ್ತಲೇ ಇರುತ್ತದೆ, ಮಣ್ಣಿನ ನೆಲ ನೋಡಿ. ಇನ್ನು ಗೋಣಿ ಪಕ್ಕದ ಜಾಗ ಸೆಕೆ ಸೆಕೆ ಅನ್ನುವವರಿಗೆ, ಫ್ಯಾನಿನ ಕಡೆ ಹೊದಿಕೆ ಎಳೆಯುವವರಿಗೆ. ಇದನ್ನು ಮಲಗುವ ಮುಂಚೆಯೇ ತೀರ್ಮಾನಿಸಿ, ನಡುರಾತ್ರಿ ವ್ಯಾನಿನಲ್ಲಿ ಮುನಿಸಿಕೊಂಡು ಹೋಗಿ ಮಲಗಲು ಇನ್ನೊಂದು ಕೋಣೆ ಇರುವುದಿಲ್ಲ.